ಕಾಲುಪೆಟ್ಟಿಗೆ ತಯಾರಾದ ಕಾರ್ಖಾನೆ ಎಲ್ಲಿತ್ತು?

ವಾದ್ಯ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ಸಂಗತಿಯ ಸುತ್ತ ಇವೆ. ಮನೆಯಲ್ಲೋ ಮೇಳದಲ್ಲೋ ಉಳಿದಿರುವ ಹಳೆಯ ವಾದ್ಯ ಎಲ್ಲಿ ತಯಾರಾಯಿತು, ಆ ಜಾಗವನ್ನು ಹುಡುಕುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಮೊದಲನೆಯ ಪತ್ರಕ್ಕೆ ವಿವರವಾಗಿಯೇ ಉತ್ತರಿಸಿದ್ದೇವೆ. ಉಳಿದವರೂ ಅದನ್ನು ಓದಿಕೊಳ್ಳಬೇಕು.

ಪ್ರಶ್ನೆ: ನಮ್ಮ ತಾತ ನಾಟಕ ಕಂಪನಿಗಳಲ್ಲಿ ನುಡಿಸುತ್ತಿದ್ದ ಲೆಗ್ ಹಾರ್ಮೋನಿಯಂ (ಕಾಲಿನಿಂದ ತಿದಿ ತುಳಿದು ನುಡಿಸುವ ಕಾಲುಪೆಟ್ಟಿಗೆ) ಮನೆಯಲ್ಲಿದೆ. ಮುಂದಿನ ಹಲಗೆಯ ಹೆಸರು ಸವೆದು ‘ಅಂಡ್ ಸನ್ಸ್, ಕ್ಯಾಲ್ಕಟಾ’ ಎಂಬಷ್ಟೇ ಓದಲು ಬರುತ್ತದೆ. ದ್ವಾರ್ಕಿನ್ ಪೆಟ್ಟಿಗೆ ಇರಬೇಕು ಎನ್ನುತ್ತಾರೆ. ಪಾಲಿಶ್ ಮಾಡಿಸಿದರೆ ಅಕ್ಷರ ಎದ್ದು ಕಾಣುತ್ತದೆಯೇ? ತಯಾರಿಸಿದ ಕಾರ್ಖಾನೆಯನ್ನು ಒಮ್ಮೆ ಹೋಗಿ ನೋಡುವ ಆಸೆಯಿದೆ. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಪಾಲಿಶ್ ಸದ್ಯಕ್ಕೆ ಬೇಡವೇ ಬೇಡ. ಹಳೆಯ ಪೆಟ್ಟಿಗೆಗಳ ಹೆಸರು ಹೆಚ್ಚಾಗಿ ಬಣ್ಣದಲ್ಲಿ ಬರೆದದ್ದೋ ಕಾಗದದಿಂದ ಹಲಗೆಗೆ ಇಳಿಸಿದ್ದೋ ಆಗಿರುತ್ತದೆ, ಅದರ ಮೇಲೆ ಅರಗಿನ ಪಾಲಿಶಿನ ತೆಳುವಾದ ಪದರ ಇರುತ್ತದೆ. ಸ್ಪಿರಿಟ್ ಅಥವಾ ಥಿನ್ನರ್ ತಾಕಿದರೆ ಆ ಪದರದ ಜೊತೆಗೆ ಅಕ್ಷರವೂ ಎದ್ದುಹೋಗುತ್ತದೆ. ಹಿತ್ತಾಳೆ ಬಿಲ್ಲೆ ಇದ್ದರೆ ಅದನ್ನೂ ಬ್ರಾಸೋ ಹಾಕಿ ತಿಕ್ಕಬೇಡಿ, ಆಳವಿಲ್ಲದ ಅಕ್ಷರ ಅದರಲ್ಲೇ ಸವೆಯುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಲಗೆಗೆ ತಾಗಿದಂತೆ ಪಕ್ಕದಿಂದ ಹಿಡಿದು, ನಾಲ್ಕೂ ಕಡೆಯಿಂದ ಬೆಳಕು ಹಾಯಿಸಿ ಫೋಟೊ ತೆಗೆಯಿರಿ. ಆಮೇಲೆ ಫೋನಿನಲ್ಲೇ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿ. ಬಣ್ಣ ಉದುರಿಹೋಗಿದ್ದರೂ ಅಕ್ಷರ ಮುಚ್ಚಿಕೊಂಡಿದ್ದ ಜಾಗದ ಮರ ಸುತ್ತಲಿನ ಮರದಷ್ಟು ಬಿಸಿಲು ಕಂಡಿರುವುದಿಲ್ಲ, ಆ ವ್ಯತ್ಯಾಸದಿಂದಲೇ ಹೆಸರು ಓದಲು ಬರುವುದುಂಟು. ಒತ್ತಿದ ಅಥವಾ ಕೊರೆದ ಅಕ್ಷರವಾದರೆ ತೆಳು ಕಾಗದ ಇಟ್ಟು ಮೆತ್ತಗಿನ ಪೆನ್ಸಿಲನ್ನು ಅಡ್ಡಲಾಗಿ ಆಡಿಸಿದರೆ ಸಾಕು.

ದ್ವಾರ್ಕಿನ್ ವಿಚಾರ. ಕ್ಯಾಲ್ಕಟಾ ಎಂದು ಕಂಡ ಕೂಡಲೇ ಆ ಹೆಸರು ಹೇಳುವುದು ರೂಢಿ. ದ್ವಾರಕಾನಾಥ ಘೋಷರು 1875ರಲ್ಲಿ ಶುರುಮಾಡಿದ ಸಂಸ್ಥೆ ಅದು, ಕೈಯಿಂದ ತಿದಿ ಒತ್ತುವ ಹಾರ್ಮೋನಿಯಂ ನಮ್ಮ ದೇಶದಲ್ಲಿ ಹರಡಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದರ ಹೆಸರು ‘ದ್ವಾರ್ಕಿನ್ ಅಂಡ್ ಸನ್’. ನಿಮ್ಮ ಹಲಗೆಯ ಮೇಲೆ ‘ಸನ್ಸ್’ ಎಂಬುದು ಸ್ಪಷ್ಟವಾಗಿದ್ದರೆ ಅದು ಬೇರೆಯವರ ಪೆಟ್ಟಿಗೆಯೆಂದೇ ಹುಡುಕಿ. ಕೊನೆಯ ಆ ಒಂದು ಅಕ್ಷರವನ್ನು ಮೊದಲು ಖಚಿತಪಡಿಸಿಕೊಳ್ಳಿ.

ಇನ್ನು ಒಳಗಿನ ಪರೀಕ್ಷೆ. ಹೊರಗಿನ ಹೆಸರು ಎಷ್ಟೋ ಸಲ ಮಾರಿದವರದ್ದು, ಮಾಡಿದವರ ಗುರುತು ಒಳಗೆ ಉಳಿದಿರುತ್ತದೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ತಿರುಪಿನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಒಂದು ರಟ್ಟಿನ ಮೇಲೆ ಪೆಟ್ಟಿಗೆಯ ನಕ್ಷೆ ಬರೆದು, ಬಿಚ್ಚಿದ ತಿರುಪನ್ನು ಅದದರ ಜಾಗದಲ್ಲೇ ಚುಚ್ಚಿಡಿ. ನಮ್ಮ ದೇಶದ ಹೆಚ್ಚಿನ ಪೆಟ್ಟಿಗೆಗಳಲ್ಲಿ ಪಕ್ಕದ ತಿರುಪು ಅಥವಾ ಕೊಕ್ಕೆ ಬಿಚ್ಚಿದರೆ ಕೀಗಳ ಸಮೇತ ರೀಡ್ ಬೋರ್ಡ್ ಒಂದಾಗಿ ಮೇಲೆ ಬರುತ್ತದೆ, ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಅದರ ಕೆಳಮೈಯಲ್ಲಿರುತ್ತವೆ. ಬರದಿದ್ದರೆ ಮೀಟಬೇಡಿ. ಅಂಚಿನಲ್ಲಿ ಗಾಳಿ ಸೋರದಂತೆ ಕೂರಿಸಿದ ಚರ್ಮದ ಪಟ್ಟಿ ವರ್ಷಗಟ್ಟಲೆ ಒತ್ತಿ ಅಂಟಿಕೊಂಡಿರುತ್ತದೆ. ತೆಳುವಾದ ಮೊಂಡು ಚಾಕುವನ್ನು ಸುತ್ತಲೂ ನಿಧಾನವಾಗಿ ಸರಿಸಿ ಬಿಡಿಸಿ. ಆ ಪಟ್ಟಿ ಹರಿದರೆ ಪೆಟ್ಟಿಗೆ ಗಾಳಿ ನಿಲ್ಲಿಸುವುದಿಲ್ಲ. ಕೀಗಳನ್ನು ಕೀಳುವ ಅಗತ್ಯವಿಲ್ಲ.

ಮುಚ್ಚಳದ ಒಳಮೈ, ರೀಡ್ ಬೋರ್ಡಿನ ಎರಡೂ ತುದಿ, ಮೊದಲ ಮತ್ತು ಕೊನೆಯ ಕೀಯ ಪಕ್ಕ, ಪೆಡಲಿನ ತಳ, ಮಡಚುವ ಕಾಲುಗಳ ಒಳಭಾಗ: ಇಷ್ಟೂ ಕಡೆ ನೋಡಿ. ಪೆನ್ಸಿಲಿನ ಸಂಖ್ಯೆ ಸಿಕ್ಕರೆ ಬರೆದುಕೊಳ್ಳಿ. ಒಂದೇ ಸಂಖ್ಯೆ ಕೀಹಲಗೆಯಲ್ಲೂ ರೀಡ್ ಬೋರ್ಡಿನಲ್ಲೂ ಕವಚದಲ್ಲೂ ಇದ್ದರೆ ಮೂರೂ ಒಂದೇ ಕಡೆ ಜೋಡಣೆಯಾದವು ಎಂದರ್ಥ, ಇದು ಬಹಳ ಒಳ್ಳೆಯ ಸುಳಿವು. ತಿದಿಯ ಮಡಿಕೆಗಳ ಒಳಗೆ ಅಂಟಿಸಿದ ಕಾಗದವನ್ನೂ ಓದಿ. ಹಳೆಯ ಪತ್ರಿಕೆಯೋ ಲೆಕ್ಕದ ಪುಸ್ತಕದ ಹಾಳೆಯೋ ಇದ್ದರೆ, ಅದು ಬಂಗಾಳಿಯೋ ಗುಜರಾತಿಯೋ ಮರಾಠಿಯೋ ಕನ್ನಡವೋ ಎಂಬುದರಿಂದ ಊರಿನ ಅಂದಾಜು ಸಿಗುತ್ತದೆ. ಆ ಹಾಳೆಯ ತಾರೀಖು ತಿದಿಯ ವಯಸ್ಸನ್ನು ಹೇಳುತ್ತದೆಯೇ ಹೊರತು ಪೆಟ್ಟಿಗೆಯ ವಯಸ್ಸನ್ನಲ್ಲ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಮಂಡಳಿಗಳು ಊರಿಂದೂರಿಗೆ ಕ್ಯಾಂಪ್ ಹಾಕುತ್ತಿದ್ದವು, ರಾತ್ರಿಯಿಡೀ ತುಳಿದ ಪೆಟ್ಟಿಗೆಗೆ ತಿದಿ ಬದಲಾಯಿಸುವುದು ಸಾಮಾನ್ಯ ಕೆಲಸ. ಅಂಟನ್ನೂ ಗಮನಿಸಿ. ಕಂದು ಬಣ್ಣದ, ಗಾಜಿನ ಹಾಗೆ ಒಡೆಯುವ ಅಂಟು ಹಳೆಯ ವಜ್ರ, ಅಂದರೆ ಚರ್ಮ ಕುದಿಸಿ ಮಾಡಿದ್ದು. ಬೆಳ್ಳಗಿನ ರಬ್ಬರಿನಂಥ ಅಂಟು ಫೆವಿಕಾಲ್ ಜಾತಿಯದು. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ರೀಡುಗಳ ವಿಚಾರ ಬೇರೆಯೇ. ಹೆಸರಾಂತ ಪೆಟ್ಟಿಗೆ ತಯಾರಕರಲ್ಲೂ ಅನೇಕರು ರೀಡುಗಳನ್ನು ಹೊರಗಿನಿಂದ ತರಿಸುತ್ತಿದ್ದರು. ಹಾರ್ಮೋನಿಯಂಗೆ ರೂಪ ಕೊಟ್ಟು 1840ರ ದಶಕದಲ್ಲಿ ಪೇಟೆಂಟ್ ಪಡೆದವರು ಪ್ಯಾರಿಸ್‌ನ ಅಲೆಕ್ಸಾಂಡ್ರ್ ದೆಬೇನ್. ಪ್ಯಾರಿಸ್‌ನ ಕಾಸ್ರಿಯೆಲ್ ಕಂಪನಿಯ ಮಡಚುವ ಕಾಲುಪೆಟ್ಟಿಗೆಗಳು ನಮ್ಮ ದೇಶಕ್ಕೂ ಬಂದವು. ರೀಡಿನ ಹಿತ್ತಾಳೆ ಪಟ್ಟಿಯ ಮೇಲೆ ಒತ್ತಿದ ಸ್ವರದ ಹೆಸರು ನೋಡಿ. ಷಡ್ಜಕ್ಕೆ ‘ಉತ್’ ಎಂದೋ ಮುಂದೆ ರೇ, ಮಿ, ಫಾ ಎಂದೋ ಇದ್ದರೆ ಫ್ರೆಂಚ್ ಪದ್ಧತಿ. ಸಿ, ಡಿ, ಇ ಎಂದು ಹೋಗಿ ಕೊನೆಯ ಬಿಳಿ ಕೀಗೆ ಬಿ ಬದಲು ‘ಎಚ್’ ಅಕ್ಷರ ಇದ್ದರೆ ಜರ್ಮನ್ ಪದ್ಧತಿ. ‘ಮೇಡ್ ಇನ್ ಜರ್ಮನಿ’ ಎಂದಷ್ಟೇ ಇದ್ದರೆ ಬಹುತೇಕ ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು, 1939ರಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿಂದ ಸರಕು ಬರುವುದು ನಿಂತಿತು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರ ನಂತರದ್ದು. ಗುಜರಾತಿನ ಭಾವನಗರ ಜಿಲ್ಲೆಯ ಪಾಲಿತಾಣ ನಮ್ಮ ದೇಶದ ರೀಡಿಗೆ ಹೆಸರಾದ ಊರು. ಹಾಗಾಗಿ ನಿಮ್ಮ ಪೆಟ್ಟಿಗೆಯ ಕವಚ ಕೋಲ್ಕತ್ತದ್ದಾಗಿ, ಸ್ವರ ಬೇರೆಲ್ಲಿಯದೋ ಆಗಿರಬಹುದು. ಕಾರ್ಖಾನೆ ಯಾವುದು ಎಂಬ ಪ್ರಶ್ನೆಯನ್ನು ಕವಚ, ರೀಡು, ಕೀ ಮೂರಕ್ಕೂ ಬೇರೆಬೇರೆಯಾಗಿ ಕೇಳಿಕೊಳ್ಳುವುದೇ ಸರಿಯಾದ ಕ್ರಮ. ಒಂದು ಎಚ್ಚರಿಕೆ: ರೀಡಿನ ನಾಲಿಗೆಯನ್ನು ಬೆರಳಿನಿಂದ ಮುಟ್ಟಬೇಡಿ, ಮೀಟಿ ನೋಡಬೇಡಿ. ಬೆವರಿನ ಉಪ್ಪು ಹಿತ್ತಾಳೆಯನ್ನು ತಿನ್ನುತ್ತದೆ, ಮೀಟಿದರೆ ನಾಲಿಗೆಯ ಎತ್ತರ ಕೆಡುತ್ತದೆ.

ಹೆಸರು ಪೂರ್ತಿ ಸಿಕ್ಕಿತೆಂದುಕೊಳ್ಳಿ. ಈಗ ವಿಳಾಸ. ಹಳೆಯ ಲೇಬಲ್ಲುಗಳಲ್ಲಿ ‘ಕ್ಯಾಲ್ಕಟಾ 12’, ‘ಬಾಂಬೆ 4’ ಎಂದು ಊರಿನ ಮುಂದೆ ಚಿಕ್ಕ ಸಂಖ್ಯೆ ಇರುತ್ತದೆ. ಅದು ಅಂಚೆ ವಲಯ. ಆರು ಅಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂದಾಗ ಆ ವಲಯದ ಸಂಖ್ಯೆಯೇ ಕೊನೆಯ ಅಂಕಿಗಳಾಗಿ ಉಳಿಯಿತು. ಕ್ಯಾಲ್ಕಟಾ 12 ಈಗಿನ 700012, ಬೌಬಜಾರ್ ಕಡೆ. ಬಾಂಬೆ 4 ಈಗಿನ 400004, ಗಿರ್‌ಗಾಂವ್ ಕಡೆ. ಹೀಗೆ ಬೀದಿಯ ಹೆಸರು ಅಳಿಸಿಹೋಗಿದ್ದರೂ ಬಡಾವಣೆ ಸಿಕ್ಕಿಬಿಡುತ್ತದೆ. ಬೀದಿಯ ಹೆಸರು ಇದ್ದರೂ ಈಗಿನ ನಕ್ಷೆಯಲ್ಲಿ ಅದು ಕಾಣದಿರಬಹುದು. ಲೋವರ್ ಚಿತ್‌ಪುರ್ ರೋಡ್ ಈಗ ರವೀಂದ್ರ ಸರಣಿ, ವಾದ್ಯದಂಗಡಿಗಳ ಸಾಲು ಲಾಲ್‌ಬಜಾರ್ ಬಳಿ ಅಲ್ಲಿ ಇಂದಿಗೂ ಇದೆ. ಹ್ಯಾರಿಸನ್ ರೋಡ್ ಮಹಾತ್ಮ ಗಾಂಧಿ ರೋಡ್ ಆಗಿದೆ, ಬೌಬಜಾರ್ ಸ್ಟ್ರೀಟ್ ಬಿಪಿನ್ ಬಿಹಾರಿ ಗಂಗೂಲಿ ಸ್ಟ್ರೀಟ್ ಆಗಿದೆ. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಈಗ ಡಾ. ಭಡಕಮಕರ್ ಮಾರ್ಗ ಎಂದು ಹೆಸರು. ಬೆಲೆ ಚೀಟಿಯಲ್ಲಿ ಆಣೆ ಇದ್ದರೆ ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು. ಸಾಗಣೆಯ ಮರದ ಡಬ್ಬ ಉಳಿದಿದ್ದು ಅದರ ಮೇಲೆ ‘ಎಂ. ಅಂಡ್ ಎಸ್.ಎಂ.’ (ಮದ್ರಾಸ್ ಅಂಡ್ ಸದರ್ನ್ ಮರಾಠ) ರೈಲ್ವೆಯ ಗುರುತು ಇದ್ದರೆ 1908ರಿಂದ 1951ರ ಒಳಗಿನ ಸಾಗಣೆ.

ಹೆಸರು, ಊರು ಕೈಗೆ ಬಂದ ಮೇಲೆ ಮೂರು ಕಡೆ ಹುಡುಕಿ. ಥ್ಯಾಕರ್ಸ್ ಇಂಡಿಯನ್ ಡೈರೆಕ್ಟರಿಯ ಹಳೆಯ ಸಂಪುಟಗಳಲ್ಲಿ ಊರುವಾರು ವ್ಯಾಪಾರಿಗಳ ಪಟ್ಟಿ ಇದೆ. ಹಲವು ಸಂಪುಟಗಳು ಅಂತರ್ಜಾಲದಲ್ಲೂ ಸಿಗುತ್ತವೆ. ಬೇರೆಬೇರೆ ವರ್ಷಗಳ ಸಂಪುಟ ನೋಡಿದರೆ ಅಂಗಡಿ ಯಾವಾಗ ಜಾಗ ಬದಲಿಸಿತು ಎಂಬುದು ತಿಳಿಯುತ್ತದೆ. ಎರಡನೆಯದು ಟ್ರೇಡ್ ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟ. ಸಂಗೀತ ವಾದ್ಯಗಳು 15ನೇ ವರ್ಗದಲ್ಲಿವೆ, ಹೆಸರಿನ ಮೊದಲ ನಾಲ್ಕೈದು ಅಕ್ಷರ ಕೊಟ್ಟು ನೋಡಿ. ನವೀಕರಿಸದ ಹಳೆಯ ಗುರುತು ಸಿಗದಿರಬಹುದು. ಮೂರನೆಯದು ಆ ರಾಜ್ಯದ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಕಚೇರಿ. ‘ಅಂಡ್ ಸನ್ಸ್’, ‘ಬ್ರದರ್ಸ್’ ಎಂಬವು ಸಾಮಾನ್ಯವಾಗಿ ಪಾಲುದಾರಿಕೆ ಸಂಸ್ಥೆಗಳು. 1932ರ ಪಾಲುದಾರಿಕೆ ಕಾಯ್ದೆಯ 66ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರ್ ನೋಡಬಹುದು, 67ನೇ ಕಲಮಿನ ಪ್ರಕಾರ ದೃಢೀಕೃತ ನಕಲು ಕೇಳಬಹುದು. ವ್ಯವಹಾರದ ಸ್ಥಳ, ಬೇರೆ ಊರಿನ ಶಾಖೆಗಳು, ಪಾಲುದಾರರು ಸೇರಿದ ತಾರೀಖು ಎಲ್ಲ ಅದರಲ್ಲಿರುತ್ತದೆ. ನೋಂದಣಿ ಕಡ್ಡಾಯವಲ್ಲದ್ದರಿಂದ ಹೆಸರು ಸಿಗದಿದ್ದರೆ ಸಂಸ್ಥೆಯೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ.

ಹೊರಡುವ ಮೊದಲು ಹಳೆಯ ವಿಳಾಸಕ್ಕೆ ಈಗಿನ ಬೀದಿ ಹೆಸರು, ಪಿನ್‌ಕೋಡ್ ಹಾಕಿ, ಕಳಿಸಿದವರ ವಿಳಾಸ ಸ್ಪಷ್ಟವಾಗಿ ಬರೆದು ಒಂದು ಕಾಗದ ಹಾಕಿ. ಹೆಸರಿನ ಹಲಗೆ, ಪೂರ್ಣ ಪೆಟ್ಟಿಗೆ, ರೀಡಿನ ಗುರುತು ಹೀಗೆ ಮೂರು ಫೋಟೊ ಜೊತೆಗಿರಲಿ. ಕೀ ಎಷ್ಟು, ರೀಡಿನ ಸಾಲು ಎಷ್ಟು, ಸ್ಟಾಪರ್ (ಗಾಳಿಯ ದಾರಿ ತೆರೆದು ಮುಚ್ಚುವ ಗುಂಡಿ) ಎಷ್ಟು, ಒಳಗಿನ ಸಂಖ್ಯೆ ಏನು ಎಂಬುದನ್ನೂ ಬರೆಯಿರಿ. ಕಾಗದ ವಾಪಸು ಬಂದರೂ ಲಕೋಟೆಯ ಮೇಲೆ ಅಂಚೆಯವರು ಬರೆದ ಷರಾ ಓದಿ. ‘ಬಿಟ್ಟುಹೋಗಿದ್ದಾರೆ’ ಎಂಬುದಕ್ಕೂ ‘ಇಂಥ ವಿಳಾಸ ಇಲ್ಲ’ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಾದರೆ ಕಟ್ಟಡ ಇದೆ, ನೆರೆಯವರಿಗೆ ಗೊತ್ತಿದೆ, ಹೋಗಿ ವಿಚಾರಿಸಬಹುದು. ಅಲ್ಲಿಗೆ ಹೋದಾಗ ಲೇಬಲ್ಲಿನ ವಿಳಾಸ ಅಂಗಡಿಯದ್ದು ಎಂಬುದು ನೆನಪಿರಲಿ. ಮರ ಕೊಯ್ದು ಜೋಡಿಸುವ ಕೆಲಸ ಹಿಂದಿನ ಗಲ್ಲಿಯಲ್ಲೋ ಬೇರೆ ಬಡಾವಣೆಯಲ್ಲೋ ನಡೆಯುತ್ತಿತ್ತು. ಅಕ್ಕಪಕ್ಕದ ವಾದ್ಯದಂಗಡಿಯ ಮಾಲೀಕರಿಗಿಂತ ಅಲ್ಲಿನ ಹಿರಿಯ ರೀಡ್ ಟ್ಯೂನರ್‌ಗಳನ್ನು ಕೇಳಿದರೆ ಹೆಚ್ಚು ಪ್ರಯೋಜನ, ಯಾರ ಕೈಕೆಲಸ ಹೇಗಿರುತ್ತದೆಂದು ಅವರು ಪೆಟ್ಟಿಗೆಯ ಒಳಭಾಗದ ಫೋಟೊ ನೋಡಿಯೇ ಹೇಳಬಲ್ಲರು.

ಪ್ರಶ್ನೆ: ನಮ್ಮ ಬಯಲಾಟದ ಮೇಳದ ಹಾರ್ಮೋನಿಯಂ ಮೇಲೆ ಹಿತ್ತಾಳೆ ಬಿಲ್ಲೆಯಿದೆ. ‘ದಾವಣಗೆರೆ, ಚಿತಲ್‌ದ್ರುಗ್ ಡಿಸ್ಟ್ರಿಕ್ಟ್, ಮೈಸೂರು ಸ್ಟೇಟ್’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ದಾವಣಗೆರೆಯಲ್ಲೇ ಇದು ತಯಾರಾಗಿರಬಹುದೇ?
— ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಬಿಲ್ಲೆಯ ಕಾಲ ಹೇಳುವುದು ಸುಲಭ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಆದ್ದರಿಂದ ಬಿಲ್ಲೆ ಅದಕ್ಕಿಂತ ಹಿಂದಿನದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು.

ಬಿಲ್ಲೆಯವರು ಮಾಡಿದವರೋ ಮಾರಿದವರೋ ಎಂಬುದನ್ನು ಬಿಲ್ಲೆಯ ಹಿಂದೆ ನೋಡಿ ತಿಳಿಯಬೇಕು. ಮೊಳೆ ಸಡಿಲವಾಗಿದ್ದರೆ ಮಾತ್ರ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಕೆಳಗೆ ಪಾಲಿಶ್ ಇಲ್ಲದ ಬರಿ ಮರವಿದ್ದರೆ ಪಾಲಿಶ್ ಆಗುವ ಮುಂಚೆಯೇ, ಅಂದರೆ ತಯಾರಾಗುವಾಗಲೇ ಬಿಲ್ಲೆ ಹೊಡೆದಿದ್ದಾರೆ. ಬಿಲ್ಲೆಯ ಕೆಳಗೂ ಪಾಲಿಶ್ ಇದ್ದರೆ, ಅಥವಾ ಬೇರೆ ಹೆಸರಿನ ನೆರಳು ಕಂಡರೆ, ಸಿದ್ಧ ಪೆಟ್ಟಿಗೆ ತರಿಸಿ ತಮ್ಮ ಬಿಲ್ಲೆ ಹಾಕಿ ಮಾರಿದ್ದಾರೆ. ಬಿಲ್ಲೆಯಲ್ಲಿ ‘ಡೀಲರ್ಸ್’, ‘ಸೋಲ್ ಏಜೆಂಟ್ಸ್’ ಎಂಬ ಮಾತಿದ್ದರೆ ಅನುಮಾನವೇ ಇಲ್ಲ. ‘ಮ್ಯಾನುಫ್ಯಾಕ್ಚರರ್ಸ್’ ಎಂದಿದ್ದರೂ ಕವಚ ಮಾತ್ರ ಇಲ್ಲಿ ಮಾಡಿ ರೀಡು, ಕೀ ತರಿಸಿ ಜೋಡಿಸಿದ್ದಿರಬಹುದು. ಅದು ಕಡಿಮೆ ಕೆಲಸವೇನಲ್ಲ, ಗಾಳಿ ಸೋರದ ಪೆಟ್ಟಿಗೆ ಕಟ್ಟುವುದಕ್ಕೆ ಪಳಗಿದ ಕೈ ಬೇಕು.

ಅಂಗಡಿಯ ಜಾಗ ಹುಡುಕಲು ದಾವಣಗೆರೆ ಮಹಾನಗರ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ‘ಇತಿಹಾಸ ಕೊಡಿ’ ಎಂದು ಕೇಳಿದರೆ ಏನೂ ಬರುವುದಿಲ್ಲ. ಇಂಥ ಹೆಸರಿನಲ್ಲಿ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಪುರಸಭೆಯ ಕಾಲದಲ್ಲಿ ಕೊಟ್ಟ ವ್ಯಾಪಾರ ಪರವಾನಗಿಯ ರಿಜಿಸ್ಟರಿನ ಪುಟದ ನಕಲು ಬೇಕೆಂದು ಕೇಳಿ. ಪರವಾನಗಿ ಕಡತ ನಾಶವಾಗಿದ್ದರೆ ಕಟ್ಟಡದ ಕಂದಾಯ ರಿಜಿಸ್ಟರಿಗೆ ಮತ್ತೊಂದು ಅರ್ಜಿ ಹಾಕಬಹುದು, ಆಸ್ತಿಯ ದಾಖಲೆ ಪರವಾನಗಿಗಿಂತ ಹೆಚ್ಚು ಕಾಲ ಉಳಿದಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಮೀರಜಿನ ಹಳೆಯ ತಂಬೂರಿ ಇದೆ, ಲೇಬಲ್ ಇಲ್ಲ. ಅಲ್ಲಿನ ಯಾವ ಫ್ಯಾಕ್ಟರಿಯದು ಎಂದು ತಿಳಿಯುವುದು ಹೇಗೆ?
— ಓದುಗರು, ಚಿತ್ರದುರ್ಗ

ಉತ್ತರ: ಮೀರಜಿನಲ್ಲಿ ಫ್ಯಾಕ್ಟರಿ ಹುಡುಕಬೇಡಿ, ಮನೆತನ ಹುಡುಕಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ವಾದ್ಯದ ಕೆಲಸಕ್ಕೆ ಇಳಿದರು. ಇಂದಿಗೂ ಅದು ಮನೆ ಮನೆಯ ಕೆಲಸ. ಮೀರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಬುರುಡೆಗೆ ಬೇಕಾದ ಸೋರೆ ಪಂಢರಪುರ, ಮಂಗಳವೇಢೆ ಕಡೆಯಿಂದ ಬರುತ್ತದೆ, ದಂಡಿಗೆಗೆ ತೂನ್ ಮರ ಬಳಸುತ್ತಾರೆ. ಎಲ್ಲರೂ ಇದನ್ನೇ ಬಳಸುವುದರಿಂದ ಮರ, ಸೋರೆ ನೋಡಿ ಮನೆತನ ಹೇಳಲಾಗದು. ಬುರುಡೆ ದಂಡಿಗೆಗೆ ಸೇರುವ ಕಡೆ ಕೆತ್ತಿದ ಎಲೆಯ ಆಕಾರ, ಅಂಚಿನ ಪಟ್ಟಿಯ ವಿನ್ಯಾಸ, ಬಿರಡೆಗಳ ತಲೆಯ ಕಡೆತ: ಗುರುತು ಇರುವುದು ಇವುಗಳಲ್ಲಿ. ಈ ಮೂರರ ಹತ್ತಿರದ ಫೋಟೊ ತೆಗೆಯಿರಿ. ತಂತಿಗಳನ್ನು ಹೊರುವ ಕುದುರೆಯ ಅಡಿಯಲ್ಲಿ, ಬುರುಡೆಯ ಬಾಯಿ ಮುಚ್ಚುವ ಹಲಗೆಯಾದ ತಬಲಿಯ ಒಳಮೈಯಲ್ಲಿ ಬರಹ ಇರುವ ಸಾಧ್ಯತೆಯಿದೆ, ಆದರೆ ಅದಕ್ಕಾಗಿ ತಬಲಿ ಬಿಚ್ಚಿಸುವುದು ನಮಗೆ ಒಪ್ಪಿಗೆಯಿಲ್ಲ. ಮತ್ತೆ ಕೂರಿಸಿದಾಗ ನಾದ ಬದಲಾಗುವ ಭಯ ನಿಜವಾದದ್ದು. ದಾವಣಗೆರೆಯಿಂದ ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗುವ ರೈಲು ಮಾರ್ಗದಲ್ಲೇ ಮೀರಜ್ ಇದೆ. ವಾದ್ಯವನ್ನೇ ಒಯ್ಯುವುದಾದರೆ ತಂತಿಗಳನ್ನು ಪೂರ್ತಿ ಬಿಚ್ಚದೆ ಸಡಿಲ ಮಾಡಿ, ಕುದುರೆಯ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿ, ಬುರುಡೆಯ ಸುತ್ತ ಹಳೆಯ ಕಂಬಳಿ ಸುತ್ತಿ. ಬುರುಡೆ ಕೆಳಗಾಗಿ ನಿಲ್ಲಿಸಿ ಕಟ್ಟಬೇಡಿ, ಗಾಡಿಯ ಕುಲುಕಾಟಕ್ಕೆ ಅದು ಅಲ್ಲೇ ಬಿರುಕು ಬಿಡುತ್ತದೆ.

ಪ್ರಶ್ನೆ: ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ನಮ್ಮ ಪೆಟ್ಟಿಗೆಯ ಎಲ್ಲ ಸ್ವರಗಳೂ ಸುಮಾರು 20 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕಡಿಮೆ ತೋರಿಸುತ್ತವೆ. ಇದು ಹಾಳಾಗಿದೆಯೇ? ಬಿಳಿ ಕೀಗಳು ದಂತದವು ಎನ್ನುತ್ತಾರೆ, ನಿಜವೇ?
— ಓದುಗರು, ಹರಿಹರ

ಉತ್ತರ: ಹಾಳಾದ ಪೆಟ್ಟಿಗೆಯ ಸ್ವರಗಳು ಒಂದೊಂದು ಒಂದೊಂದು ಕಡೆ ಸರಿದಿರುತ್ತವೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಅದು ಬೇರೆ ಶ್ರುತಿಗೆ ಕೂರಿಸಿದ ಪೆಟ್ಟಿಗೆ. ಫ್ರಾನ್ಸ್ 1859ರಲ್ಲಿ ‘ಎ’ ಸ್ವರಕ್ಕೆ 435 ಹರ್ಟ್ಸ್ ನಿಗದಿ ಮಾಡಿತ್ತು. ಈಗಿನ 440ಕ್ಕೆ ಹೋಲಿಸಿದರೆ ಅದು ಸುಮಾರು 20 ಸೆಂಟ್ಸ್ ಕಡಿಮೆ. ಇಂಗ್ಲೆಂಡಿನ ಹಳೆಯ ಎತ್ತರದ ಶ್ರುತಿ 452ರ ಆಸುಪಾಸು, ಅದು 47 ಸೆಂಟ್ಸ್ ಹೆಚ್ಚು ತೋರಿಸುತ್ತದೆ. ಅಳೆಯುವಾಗ ತಿದಿಯ ಒತ್ತಡ ಒಂದೇ ಸಮ ಇರಲಿ, ಜೋರಾಗಿ ಗಾಳಿ ಕೊಟ್ಟರೆ ಸ್ವರ ಇಳಿಯುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ರೀಡಿನ ನಾಲಿಗೆ ನೋಡಿ. ತುದಿಯಲ್ಲಿ ಹೆರೆದ ಗೀರಿದ್ದರೆ ಸ್ವರ ಏರಿಸಿದ್ದಾರೆ, ಬುಡದಲ್ಲಿದ್ದರೆ ಇಳಿಸಿದ್ದಾರೆ. ಹೊಸ ಗೀರುಗಳೇ ಇಲ್ಲದಿದ್ದರೆ ಈ 435 ಮೂಲ ಶ್ರುತಿಯೇ ಆಗಿರುವ ಸಾಧ್ಯತೆ ಹೆಚ್ಚು, ‘ಉತ್’ ಎಂಬ ಗುರುತೂ ಇದ್ದರೆ ರೀಡುಗಳು ಫ್ರಾನ್ಸಿನವು ಎನ್ನಲು ಗಟ್ಟಿ ಆಧಾರ ಸಿಕ್ಕಂತೆ. ಯಾರಾದರೂ 440ಕ್ಕೆ ಏರಿಸಿಕೊಡುತ್ತೇನೆಂದರೆ ದಯವಿಟ್ಟು ಒಪ್ಪಬೇಡಿ. ಹೆರೆದ ಲೋಹ ಮತ್ತೆ ಕೂಡಿಕೊಳ್ಳುವುದಿಲ್ಲ.

ದಂತವಾದರೆ ಓರೆ ಬೆಳಕಿನಲ್ಲಿ ಮರದ ಎಳೆಯಂಥ ಸಣ್ಣ ಗೆರೆಗಳು ಕಾಣುತ್ತವೆ, ಕಪ್ಪು ಕೀ ಶುರುವಾಗುವ ಜಾಗದಲ್ಲಿ ಎರಡು ತುಂಡು ಸೇರಿದ ಅಡ್ಡಗೆರೆ ಇರುವುದುಂಟು. ಸೆಲ್ಯುಲಾಯ್ಡ್ ಒಂದೇ ತುಂಡು, ಬಟ್ಟೆಯಿಂದ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಬಿಸಿ ಸೂಜಿ ಚುಚ್ಚಿ ನೋಡುವ ಪದ್ಧತಿ ಅಪಾಯಕರ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ದಂತ ಇದ್ದ ಮಾತ್ರಕ್ಕೆ ಪೆಟ್ಟಿಗೆ ವಿದೇಶದ್ದಾಗುವುದಿಲ್ಲ. ದಂತವೆಂದು ಖಚಿತವಾದರೆ ಮಾರುವ ಯೋಚನೆ ಬಿಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ದಂತದ ವ್ಯಾಪಾರ ನಿಷಿದ್ಧ.

ಪ್ರಶ್ನೆ: ತಯಾರಕರ ಮೊಮ್ಮಕ್ಕಳ ಅಂಗಡಿ ಸಿಕ್ಕಿದೆ. ನಮ್ಮ ಪೆಟ್ಟಿಗೆಯ ಎರಡು ರೀಡು ಬದಲಾಯಿಸಬೇಕು. ಏನು ಅಳತೆ ಕಳಿಸಬೇಕು?
— ಓದುಗರು, ಹೊಳಲ್ಕೆರೆ

ಉತ್ತರ: ಮೊದಲು ಅವು ನಿಜವಾಗಿಯೂ ಸತ್ತಿವೆಯೇ ನೋಡಿ. ನುಡಿಯದ ರೀಡಿನ ನಾಲಿಗೆಯ ಕೆಳಗೆ ಹೆಚ್ಚಾಗಿ ದೂಳಿನ ಎಳೆ ಸಿಕ್ಕಿರುತ್ತದೆ. ತೆಳು ಕಾಗದದ ಪಟ್ಟಿಯನ್ನು ನಾಲಿಗೆಯ ಉದ್ದಕ್ಕೆ ಒಮ್ಮೆ ಸರಿಸಿದರೆ ಸ್ವರ ಬರಬಹುದು. ಜೀರುಗುಟ್ಟಿದರೆ ತಿರುಪು ಸಡಿಲವಾಗಿ ಪಟ್ಟಿ ಓರೆಯಾಗಿರುತ್ತದೆ. ನಾಲಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಮಾತ್ರ ಬದಲಾಯಿಸಬೇಕು. ಅಳತೆ ವರ್ನಿಯರ್ ಕ್ಯಾಲಿಪರ್‌ನಿಂದಲೇ ತೆಗೆಯಿರಿ: ಪಟ್ಟಿಯ ಉದ್ದ, ಅಗಲ, ದಪ್ಪ, ತಿರುಪಿನ ತೂತುಗಳ ನಡುವಿನ ಅಂತರ, ನಾಲಿಗೆಯ ಉದ್ದ ಮತ್ತು ಅಗಲ. ರೀಡು ಬಾಸ್ (ತಗ್ಗು), ಮೇಲ್ (ನಡು), ಫೀಮೇಲ್ (ಎತ್ತರ) ಪೈಕಿ ಯಾವ ಸಾಲಿನದು, ಯಾವ ಕೀಯದು, ಪಕ್ಕದ ಸ್ವರಗಳು ಟ್ಯೂನರ್‌ನಲ್ಲಿ ಎಷ್ಟು ತೋರಿಸುತ್ತವೆ ಎಂಬುದನ್ನೂ ತಿಳಿಸಿ. ಇಲ್ಲದಿದ್ದರೆ 440ಕ್ಕೆ ಕೂರಿಸಿದ ಹೊಸ ರೀಡು ಬಂದು ಉಳಿದವುಗಳ ಜೊತೆ ಹೊಂದುವುದಿಲ್ಲ. ಬಿಚ್ಚಿದ ಹಳೆಯ ರೀಡುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕಾಗದದಲ್ಲಿ ಸುತ್ತಿ, ಕೀಯ ಸಂಖ್ಯೆ ಬರೆದು, ಪೆಟ್ಟಿಗೆಯ ಒಳಗೇ ಗಾಳಿ ಹಾಯದ ಮೂಲೆಯಲ್ಲಿ ಕಟ್ಟಿಡಿ.